ಗಂಗಾಜಲದ ಥಾಲಿಯೂ ಫೇಜ್ ಚಿಕಿತ್ಸೆಯ ಚರಿತ್ರೆಯೂ

‘ಗಂಗಾಸ್ನಾನ, ತುಂಗಾಪಾನ’ ಎಂಬ ನಾಣ್ಣುಡಿಯನ್ನು ಕೇಳದೆ ಬೆಳೆದವರು ಶೃಂಗೇರಿ, ಕೊಪ್ಪ, ನರಸಿಂಹರಾಜಪುರಗಳ ಸೀಮೆಯಲ್ಲಿ ಇಲ್ಲವೆಂದೇ ಹೇಳಬಹುದು. ಮೀಯುವುದಕ್ಕೆ ಗಂಗೆ, ಕುಡಿಯುವುದಕ್ಕೆ ತುಂಗೆ ಎಂದು ನಮ್ಮ ಹಿರಿಯರು ಎರಡು ನದಿಗಳಿಗೂ ಮರ್ಯಾದೆಯನ್ನು ಹಂಚಿಕೊಟ್ಟಿರುವರು. ತುಂಗೆಯೂ ಭದ್ರೆಯೂ ಹುಟ್ಟುವ ವರಾಹಪರ್ವತದ ತಾಣಕ್ಕೆ ಗಂಗಾಮೂಲವೆಂಬ ಹೆಸರೇ ನಿಂತಿದೆ. ಅಲ್ಲಿಂದ ಹೊರಟ ತುಂಗೆ ಶೃಂಗೇರಿಯನ್ನೂ ಕೊಪ್ಪದ ಸೀಮೆಯ ಹರಿಹರಪುರವನ್ನೂ ಮುಟ್ಟಿ ತೀರ್ಥಹಳ್ಳಿಯ ಕಡೆಗೆ ಸಾಗುತ್ತದೆ. ಭದ್ರೆ ಕಳಸ, ಬಾಳೆಹೊನ್ನೂರುಗಳನ್ನು ಹಾದು ನರಸಿಂಹರಾಜಪುರದ ಮಗ್ಗುಲಲ್ಲಿ ಹಿನ್ನೀರಾಗಿ ಹರಡಿಕೊಳ್ಳುತ್ತದೆ. ಇಂತಹ ಸೀಮೆಯ ಹಳೆಯ ಮನೆಗಳ ದೇವರ ಗೂಡಿನಲ್ಲಿ, ಕಾಶೀಯಾತ್ರೆಗೆ ಹೋದವರು ತಂದ, ಬಾಯಿಗೆ ಬೆಸುಗೆ ಹಾಕಿದ ತಾಮ್ರದ ಗಂಗಾಥಾಲಿಯೊಂದು ಇದ್ದೇ ಇರುತ್ತಿತ್ತು. ಎಷ್ಟು ವರ್ಷಗಳು ಕಳೆದರೂ ಆ ನೀರು ಕೆಡುವುದಿಲ್ಲವೆಂದು ಮನೆಯವರು ನಂಬಿದ್ದರು; ಕೊನೆಯುಸಿರಿನ ಹೊತ್ತಿನಲ್ಲಿ ಬಾಯಿಗೆ ಬಿಡುವುದಕ್ಕೆಂದು ಅದನ್ನು ಕಾಪಾಡುತ್ತಿದ್ದರು.

ಈಚಿನ ದಿನಗಳಲ್ಲಿ ಈ ನಂಬಿಕೆಗೆ ಹೊಸದೊಂದು ಆಧಾರವನ್ನು ಒದಗಿಸುವುದು ರೂಢಿಯಾಗಿದೆ. ಗಂಗಾಜಲದಲ್ಲಿ ರೋಗಾಣುಗಳನ್ನು ತಿನ್ನುವ ವಸ್ತುವಿದೆ, ಅದನ್ನು ಆಂಗ್ಲ ವಿಜ್ಞಾನಿಯೇ ಒಪ್ಪಿರುವನು ಎಂದು ಸಭೆಗಳಲ್ಲಿಯೂ ಜಗುಲಿಯ ಹರಟೆಗಳಲ್ಲಿಯೂ ಹೇಳುವವರುಂಟು. ಮಾತು ಪೂರ್ತಿ ಸುಳ್ಳಲ್ಲ. ಪೂರ್ತಿ ನಿಜವೂ ಅಲ್ಲ. ಅದರ ಮೂಲವನ್ನು ಹುಡುಕಿಕೊಂಡು ಹೊರಟರೆ ಆಗ್ರಾದಿಂದ ಪ್ಯಾರಿಸಿಗೂ, ಅಲ್ಲಿಂದ ಅಸ್ಸಾಮಿನ ಹಳ್ಳಿಗಳಿಗೂ, ಕಡೆಗೆ ನಮ್ಮ ಬೆಂಗಳೂರಿಗೂ ಹೋಗಬೇಕಾಗುತ್ತದೆ. ಈ ಚರಿತ್ರೆಯನ್ನು ವಾಚಕರ ಮುಂದಿಡುವುದಕ್ಕೆ ಕುತೂಹಲವೊಂದೇ ಕಾರಣವಲ್ಲ. ಆಸ್ಪತ್ರೆಯಿಂದ ಬಂದ ಪರೀಕ್ಷಾಪತ್ರದಲ್ಲಿ ಹತ್ತು ಹನ್ನೆರಡು ಔಷಧಗಳ ಹೆಸರುಗಳು ಒಂದರ ಕೆಳಗೊಂದು ಇದ್ದು, ಬಹುಪಾಲು ಹೆಸರುಗಳ ಎದುರಿಗೆ ‘ಆರ್’ ಎಂಬ ಒಂದೇ ಅಕ್ಷರವಿರುವುದನ್ನು ಕಂಡು ದಿಗಿಲುಗೊಂಡ ಮನೆಗಳು ಈಗ ಎಲ್ಲ ಕಡೆಯಲ್ಲಿಯೂ ಇವೆ. ರೋಗಾಣು ಆ ಔಷಧಕ್ಕೆ ಬಗ್ಗುವುದಿಲ್ಲವೆಂಬುದೇ ಆ ಅಕ್ಷರದ ಅರ್ಥ. ಸಕ್ಕರೆ ಕಾಯಿಲೆಯವರ ಕಾಲಿನ ಹುಣ್ಣು, ಮುದುಕರ ಮೂತ್ರಕೋಶದ ಸೋಂಕು, ಶಸ್ತ್ರಚಿಕಿತ್ಸೆಯ ಗಾಯ, ಇವುಗಳಲ್ಲಿ ಆ ಅಕ್ಷರ ಇಂದು ಪ್ರಾಣದ ಪ್ರಶ್ನೆಯಾಗಿದೆ. ಅಂತಹ ವೇಳೆಯಲ್ಲಿ ವೈದ್ಯಲೋಕವು ಮರಳಿ ನೆನೆಯುತ್ತಿರುವ ಹಳೆಯ ಉಪಾಯವೇ ಪ್ರಕೃತ ವಿಷಯ.

ಅರ್ನೆಸ್ಟ್ ಹ್ಯಾನ್‌ಬರಿ ಹ್ಯಾಂಕಿನ್ ಎಂಬಾತನು ೧೮೯೨ರಿಂದ ಆಗ್ರಾದಲ್ಲಿ ಸರ್ಕಾರದ ರಸಾಯನ ಪರೀಕ್ಷಕನೂ ಸೂಕ್ಷ್ಮಜೀವಿ ಶಾಸ್ತ್ರಜ್ಞನೂ ಆಗಿದ್ದನು. ಅರ್ಧ ಬೆಂದ ಹೆಣಗಳು ತೇಲುವ, ಪಟ್ಟಣದ ಕೊಚ್ಚೆಯೆಲ್ಲ ಬಂದು ಸೇರುವ ಯಮುನೆಯ ನೀರನ್ನೇ ಜನರು ಕುಡಿಯುತ್ತಿದ್ದರೂ, ವಾಂತಿಭೇದಿಯ ರೋಗವು ಅವನು ನಿರೀಕ್ಷಿಸಿದಂತೆ ನದಿಯ ಹರಿವಿನೊಡನೆ ಕೆಳಕ್ಕೆ ಇಳಿಯುತ್ತಿರಲಿಲ್ಲ. ಇದು ಅವನನ್ನು ಯೋಚನೆಗೆ ಹಚ್ಚಿತು. ಗಂಗೆಯ ನೀರನ್ನೂ ಯಮುನೆಯ ನೀರನ್ನೂ ಪ್ರಯೋಗಶಾಲೆಗೆ ತರಿಸಿ, ಅದರಲ್ಲಿ ಕಾಲರಾ ರೋಗಾಣುಗಳನ್ನು ಬಿಟ್ಟು ನೋಡಿದಾಗ ಅವು ಮೂರು ಗಂಟೆಗಳೊಳಗೆ ಸತ್ತುಹೋದುವು. ಅದೇ ನೀರನ್ನು ಕುದಿಸಿ ಆರಿಸಿ ಬಿಟ್ಟರೆ ನಾಲ್ವತ್ತೆಂಟು ಗಂಟೆಗಳಾದರೂ ರೋಗಾಣುಗಳಿಗೆ ಏನೂ ಆಗಲಿಲ್ಲ. ಬಾವಿಯ ನೀರಿನಲ್ಲಿಯೋ ಅವು ಹೆಚ್ಚುತ್ತಲೇ ಹೋದುವು. ೧೮೯೬ರಲ್ಲಿ ಪ್ಯಾರಿಸಿನ ಪಾಶ್ಚರ್ ಸಂಸ್ಥೆಯ ಪತ್ರಿಕೆಯಲ್ಲಿ ಅವನು ಇದನ್ನು ಪ್ರಕಟಿಸಿದನು. ಆ ವರ್ಷ ಭಾರತದಲ್ಲಿ ಸಂಚರಿಸುತ್ತಿದ್ದ ಅಮೇರಿಕದ ಲೇಖಕ ಮಾರ್ಕ್ ಟ್ವೇನನು ೧೮೯೭ರಲ್ಲಿ ಹೊರಬಂದ ತನ್ನ ಪ್ರವಾಸಕಥನದಲ್ಲಿ ಈ ಪ್ರಯೋಗವನ್ನು ವರ್ಣಿಸಿದ್ದರಿಂದ ಗಂಗೆಯ ಕೀರ್ತಿ ಸಮುದ್ರದಾಚೆಗೂ ಹಬ್ಬಿತು.

ಇಷ್ಟನ್ನು ಹೇಳಿ ನಿಲ್ಲಿಸುವವರೇ ಹೆಚ್ಚು. ಆದರೆ ಹ್ಯಾಂಕಿನ್ ಇನ್ನೊಂದು ಪ್ರಯೋಗವನ್ನೂ ಮಾಡಿದ್ದನು. ತೆರೆದ ಪಾತ್ರೆಯಲ್ಲಿ ಕುದಿಸಿದರೆ ನೀರಿನ ಗುಣ ಹೋಗುತ್ತಿತ್ತು; ಬಾಯಿಯನ್ನು ಬಿಗಿಯಾಗಿ ಮುಚ್ಚಿ ಕಾಯಿಸಿದರೆ ಉಳಿಯುತ್ತಿತ್ತು. ಆದುದರಿಂದ ಇದು ಹಬೆಯೊಡನೆ ಹಾರಿಹೋಗುವ ಯಾವುದೋ ದ್ರವ್ಯದ ಕೆಲಸವೆಂದು ಅವನು ಊಹಿಸಿದನು. ನಾವು ಈ ಲೇಖನದಲ್ಲಿ ವಿವರಿಸಲಿರುವ ಫೇಜ್ ಎಂಬ ವಸ್ತುವಾದರೋ ಪಾತ್ರೆಯನ್ನು ಮುಚ್ಚಿದರೂ ತೆರೆದರೂ ಆ ಶಾಖದಲ್ಲಿ ಉಳಿಯತಕ್ಕುದಲ್ಲ. ಈ ಕಾರಣವನ್ನು ಎತ್ತಿಕೊಂಡು ೨೦೧೧ರಲ್ಲಿ ಕೆಲವು ವಿದ್ವಾಂಸರು, ಹ್ಯಾಂಕಿನ್ ಕಂಡುದು ಫೇಜ್ ಅಲ್ಲವೇ ಅಲ್ಲವೆಂದು ವಾದಿಸಿರುವರು. ನನಗೆ ಅವರ ವಾದವು ಬಲವಾಗಿಯೇ ಕಾಣುತ್ತದೆ. ಇನ್ನು ದೇವರ ಗೂಡಿನ ಥಾಲಿಯ ವಿಷಯ. ಅದರ ನೀರು ಕೆಡದಿರುವುದಕ್ಕೆ ಗಂಗೆಯಷ್ಟೇ ತಾಮ್ರವೂ ಕಾರಣವಾಗಿರಬಹುದು. ನೀರನ್ನು ತಾಮ್ರದ ಪಾತ್ರೆಯಲ್ಲಿ ಹದಿನಾರು ಗಂಟೆಗಳ ಕಾಲ ಇಟ್ಟರೆ ಭೇದಿಯನ್ನುಂಟುಮಾಡುವ ರೋಗಾಣುಗಳು ನಾಶವಾಗುವುವೆಂದು ಬೆಂಗಳೂರಿನ ಸಂಶೋಧಕರು ಇತರರೊಡನೆ ಸೇರಿ ೨೦೧೨ರಲ್ಲಿ ತೋರಿಸಿಕೊಟ್ಟಿರುವರು. ನಮ್ಮ ಅಜ್ಜಿಯರು ಹಂಡೆ ತಂಬಿಗೆಗಳನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುತ್ತಿದ್ದ ಶ್ರಮವು ವ್ಯರ್ಥವಾಗಲಿಲ್ಲ.

ಹ್ಯಾಂಕಿನ್ ಮಾತ್ರ ಗಂಗಾಜಲವನ್ನು ನೆಚ್ಚಿ ಕುಳಿತವನಲ್ಲ. ವಾಂತಿಭೇದಿ ಬಂದ ಊರಿನ ಬಾವಿಗಳಿಗೆ ಪರ್ಮಾಂಗನೇಟ್ ಪುಡಿಯನ್ನು ಹಾಕಿ ಶುದ್ಧಿಮಾಡುವ ಕ್ರಮವನ್ನು ಬಳಕೆಗೆ ತಂದವರಲ್ಲಿ ಅವನೇ ಮೊದಲಿಗ. ಆರೋಗ್ಯ ಇಲಾಖೆಯವರು ಬಂದು ಹೋದ ಮೇಲೆ ಬಾವಿಯ ನೀರು ಕೆನ್ನೇರಳೆಯಾಗುತ್ತಿದ್ದುದನ್ನು ನೆನೆಯುವ ಹಿರಿಯರು, ಆ ಬಣ್ಣದ ಹಿಂದೆ ಆಗ್ರಾದ ಇದೇ ಮನುಷ್ಯನಿದ್ದನೆಂಬುದನ್ನು ತಿಳಿದಿರಲಾರರು.

ಪ್ರಕೃತಕ್ಕೆ ಬರೋಣ. ಯಡೇಹಳ್ಳಿಯೆಂಬ ಊರು ಮೈಸೂರಿನ ಯುವರಾಜರ ಭೇಟಿಯ ನೆನಪಿಗಾಗಿ ನರಸಿಂಹರಾಜಪುರವೆಂಬ ಹೊಸ ಹೆಸರನ್ನು ಪಡೆದ ೧೯೧೫ರಲ್ಲಿಯೇ, ಲಂಡನ್ನಿನಲ್ಲಿ ಫ್ರೆಡರಿಕ್ ಟ್ವೋರ್ಟ್ ಎಂಬ ಸೂಕ್ಷ್ಮಜೀವಿ ಶಾಸ್ತ್ರಜ್ಞನು ತಾನು ಬೆಳೆಸಿದ್ದ ಬ್ಯಾಕ್ಟೀರಿಯಾಗಳು ಅಲ್ಲಲ್ಲಿ ಕರಗಿ ಗಾಜಿನಂತೆ ತಿಳಿಯಾಗುತ್ತಿರುವುದನ್ನು ಕಂಡು ಬರೆದನು. ಮಹಾಯುದ್ಧದ ಗದ್ದಲದಲ್ಲಿ ಅವನು ಅದನ್ನು ಮುಂದುವರಿಸಲಾಗಲಿಲ್ಲ. ಎರಡು ವರ್ಷಗಳ ಮೇಲೆ, ೧೯೧೭ರ ಸೆಪ್ಟೆಂಬರಿನಲ್ಲಿ, ಪ್ಯಾರಿಸಿನ ಪಾಶ್ಚರ್ ಸಂಸ್ಥೆಯಲ್ಲಿದ್ದ ಫೆಲಿಕ್ಸ್ ದೆರೆಲ್ ಎಂಬಾತನು ಅದೇ ಸಂಗತಿಯನ್ನು ಸ್ವತಂತ್ರವಾಗಿ ಕಂಡು ವಿದ್ವತ್ಸಭೆಯ ಮುಂದಿಟ್ಟನು. ಇವನು ವೈದ್ಯಪದವಿಯಿಲ್ಲದೆ ಸ್ವಪ್ರಯತ್ನದಿಂದ ಕಲಿತವನು. ಹಠವಾದಿ, ವಾದಪ್ರಿಯ, ಊರೂರು ಅಲೆದವನು. ರಕ್ತಭೇದಿಯಿಂದ ನರಳುತ್ತಿದ್ದ ಸೈನಿಕರ ಮಲವನ್ನು ಸೋಸಿ, ರೋಗಾಣುಗಳೊಂದೂ ಉಳಿಯದ ಆ ತಿಳಿಯನ್ನು ರೋಗಾಣುಗಳು ತುಂಬಿದ್ದ ಕೊಳವೆಯಲ್ಲಿ ಬೆರೆಸಿದರೆ ಕದಡು ನೀರು ತಿಳಿನೀರಾಗುತ್ತಿತ್ತು. ಆ ತಿಳಿಯ ಒಂದು ತೊಟ್ಟು ಮತ್ತೊಂದು ಕೊಳವೆಯನ್ನು ತಿಳಿಗೊಳಿಸುತ್ತಿತ್ತು. ಹಾಗೆ ಎಷ್ಟು ಸಲ ಮಾಡಿದರೂ ಶಕ್ತಿ ಕುಂದುತ್ತಿರಲಿಲ್ಲ. ವಿಷವಾಗಿದ್ದರೆ ಬೆರೆಸಿದಂತೆಲ್ಲ ತೆಳ್ಳಗಾಗಬೇಕು. ಇದು ಹೆಪ್ಪು ಹಾಕಿದ ಮಜ್ಜಿಗೆಯಂತೆ ತಾನೇ ಹೆಚ್ಚುತ್ತಿತ್ತು. ಆದುದರಿಂದ ಇದು ಜೀವವುಳ್ಳದ್ದೇ ಇರಬೇಕೆಂದು ನಿಶ್ಚಯಿಸಿ, ಬ್ಯಾಕ್ಟೀರಿಯಾವನ್ನು ಭಕ್ಷಿಸುವುದೆಂಬ ಅರ್ಥದಲ್ಲಿ ಬ್ಯಾಕ್ಟೀರಿಯೋಫೇಜ್ ಎಂದು ಹೆಸರಿಟ್ಟನು. ಈಗ ಅದನ್ನು ಚಿಕ್ಕದಾಗಿ ಫೇಜ್ ಎನ್ನುವರು.

ಫೇಜ್ ಒಂದು ಬಗೆಯ ವೈರಸ್. ಈ ಹೆಸರನ್ನು ಕೇಳಿದೊಡನೆ ನಮ್ಮ ಸೀಮೆಯವರಿಗೆ ೧೯೫೭ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ನೆನಪಿಗೆ ಬಂದು ಭಯವಾಗುವುದು ಸಹಜ. ಆದರೆ ಮಂಗನ ಕಾಯಿಲೆಯ ವೈರಸ್ ಪ್ರಾಣಿಗಳ ಜೀವಕೋಶಗಳನ್ನು ಹೊಕ್ಕರೆ, ಫೇಜ್ ಬ್ಯಾಕ್ಟೀರಿಯಾವನ್ನು ಮಾತ್ರ ಹೊಗಬಲ್ಲುದು. ಮನುಷ್ಯನ ಜೀವಕೋಶದ ಬಾಗಿಲು ಅದಕ್ಕೆ ತೆರೆಯದು. ಬ್ಯಾಕ್ಟೀರಿಯಾದಲ್ಲಿಯೂ ಎಲ್ಲವನ್ನೂ ಅಲ್ಲ, ತನಗೆ ಒಗ್ಗಿದ ಒಂದೊಂದು ಜಾತಿಯನ್ನೇ, ಕೆಲವು ವೇಳೆ ಆ ಜಾತಿಯೊಳಗಿನ ಕೆಲವು ಮನೆತನಗಳನ್ನೇ ಅದು ಹಿಡಿಯುತ್ತದೆ. ತನ್ನ ಬಾಲವನ್ನು ಬ್ಯಾಕ್ಟೀರಿಯಾದ ಮೈಮೇಲಿನ ಗುರುತಿಗೆ ಕಚ್ಚಿಸಿ, ತನ್ನ ಬೀಜದ್ರವ್ಯವನ್ನು ಒಳಕ್ಕೆ ಬಿಟ್ಟು, ಅರ್ಧ ಗಂಟೆಯೊಳಗಾಗಿ ನೂರರಷ್ಟು ಮರಿಗಳಾಗಿ, ಗೋಡೆಯನ್ನು ಒಡೆದುಕೊಂಡು ಹೊರಕ್ಕೆ ಬರುವುದು ಅದರ ಕ್ರಮ. ಬ್ಯಾಕ್ಟೀರಿಯಾ ತೀರಿದರೆ ಅದರ ವೃದ್ಧಿಯೂ ನಿಲ್ಲುತ್ತದೆ. ಈ ಸೂಕ್ಷ್ಮಾಕೃತಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಂಡುದು ೧೯೪೦ರ ಸುಮಾರಿನಲ್ಲಿ. ಅಲ್ಲಿಯವರೆಗೆ ಫೇಜ್ ಇದೆಯೋ ಇಲ್ಲವೋ ಎಂದು ವಿದ್ವಾಂಸರು ಜಗಳವಾಡುತ್ತಲೇ ಇದ್ದರು.

ಇದರಿಂದ ತಿಳಿಯತಕ್ಕ ಒಂದು ವಿಷಯವನ್ನು ಇಲ್ಲಿಯೇ ಹೇಳಿಬಿಡುವೆನು. ಎಲ್ಲಿ ಬ್ಯಾಕ್ಟೀರಿಯಾ ಹೇರಳವೋ ಅಲ್ಲಿ ಅದರ ಫೇಜ್ ಹೇರಳ. ಸಂಶೋಧಕರು ಫೇಜ್‌ಗಳನ್ನು ಅರಸುವಾಗ ಬೆಟ್ಟದ ಊಟೆಗೆ ಹೋಗುವುದಿಲ್ಲ. ಆಸ್ಪತ್ರೆಯ ಹಿಂದಣ ಮೋರಿಗೆ ಹೋಗುವರು. ಹೊಳೆಯ ನೀರಿನಲ್ಲಿ ರೋಗಾಣುಗಳ ಫೇಜ್ ಸಮೃದ್ಧವಾಗಿದೆಯೆಂದರೆ, ಮೇಲಿನ ಊರುಗಳ ಕೊಳಕು ಅದರಲ್ಲಿ ಸಮೃದ್ಧವಾಗಿ ಬೆರೆಯುತ್ತಿದೆಯೆಂದೇ ಅರ್ಥ. ತುಂಗೆಯಲ್ಲಿ ಅಂತಹ ಫೇಜ್‌ಗಳು ಕಡಮೆಯಿದ್ದರೆ ಅದು ತುಂಗೆಗೆ ಹೆಮ್ಮೆಯೇ ಹೊರತು ಕುಂದಲ್ಲ. ನದಿಯನ್ನು ಹೊಗಳುವುದಕ್ಕೆ ಫೇಜ್‌ಗಳನ್ನು ಸಾಕ್ಷಿಗೆ ಕರೆಯುವವರು ಈ ಸಾಕ್ಷಿ ಏನು ನುಡಿಯುತ್ತದೆಯೆಂಬುದನ್ನು ಪೂರ್ತಿಯಾಗಿ ಕೇಳಬೇಕು.

೧೯೧೯ರಲ್ಲಿ ಪ್ಯಾರಿಸಿನ ಮಕ್ಕಳ ಆಸ್ಪತ್ರೆಯಲ್ಲಿ ರಕ್ತಭೇದಿಯಿಂದ ಸಾಯುವ ಸ್ಥಿತಿಗೆ ಬಂದಿದ್ದ ಹನ್ನೆರಡು ವರ್ಷದ ಹುಡುಗನಿಗೆ ದೆರೆಲನು ಫೇಜ್ ಕುಡಿಸಿದನು. ಅದಕ್ಕೆ ಮೊದಲು ತಾನೂ ಅಲ್ಲಿನ ವೈದ್ಯರೂ ಅದನ್ನು ಕುಡಿದು ಅಪಾಯವಿಲ್ಲವೆಂದು ಖಚಿತಪಡಿಸಿಕೊಂಡಿದ್ದರು. ಹುಡುಗನು ಉಳಿದನು. ೧೯೨೫ರಲ್ಲಿ, ಆಗ ಈಜಿಪ್ಟಿನಲ್ಲಿದ್ದ ದೆರೆಲನು, ಹಡಗಿನಲ್ಲಿ ಬಂದ ನಾಲ್ವರು ಪ್ಲೇಗು ರೋಗಿಗಳ ಗಡ್ಡೆಗಳಿಗೆ ಫೇಜನ್ನು ಚುಚ್ಚಿದಾಗ ನಾಲ್ವರೂ ಗುಣಹೊಂದಿದರು. ಈ ಸುದ್ದಿ ಭಾರತ ಸರ್ಕಾರದ ಕಿವಿಯನ್ನು ನಿಮಿರಿಸಿದುದರಲ್ಲಿ ಆಶ್ಚರ್ಯವಿಲ್ಲ. ೧೮೯೬ರಲ್ಲಿ ಮುಂಬಯಿಗೂ ೧೮೯೮ರಲ್ಲಿ ಬೆಂಗಳೂರಿಗೂ ಕಾಲಿಟ್ಟ ಪ್ಲೇಗು ಎಷ್ಟು ಊರುಗಳನ್ನು ಬರಿದುಮಾಡಿತೆಂಬುದಕ್ಕೆ ನಮ್ಮ ನಾಡಿನ ಪ್ಲೇಗಮ್ಮನ ಗುಡಿಗಳೇ ಸಾಕ್ಷಿ. ಇಲಿ ಬಿದ್ದ ಕೂಡಲೇ ಮನೆಗೆ ಬೀಗ ಹಾಕಿ ಊರ ಹೊರಗೆ ಗುಡಿಸಲು ಹೂಡುತ್ತಿದ್ದ ಕಥೆಗಳನ್ನು ನಮ್ಮ ಹಿರಿಯರಿಂದ ಕೇಳಿದ್ದೇವೆ. ದೆರೆಲನನ್ನು ಮುಂಬಯಿಯ ಹಾಫ್‌ಕಿನ್ ಸಂಸ್ಥೆಗೆ ಕರೆಸಿದರು. ಆದರೆ ಬಹುಬೇಗ ಗಮನವು ಪ್ಲೇಗಿನಿಂದ ವಾಂತಿಭೇದಿಯ ಕಡೆಗೆ ಹೊರಳಿತು.

೧೯೨೭ರಲ್ಲಿ ಅವನು ಮೇಜರ್ ಮ್ಯಾಲೋನ್ ಮತ್ತು ಲಾಹಿರಿಯವರೊಡನೆ ಪಂಜಾಬಿನ ಹಳ್ಳಿಗಳಲ್ಲಿ ತಿರುಗಿದನು. ಫೇಜ್ ಕುಡಿದ ಕಾಲರಾ ರೋಗಿಗಳಲ್ಲಿ ನೂರಕ್ಕೆ ಸುಮಾರು ಏಳು ಮಂದಿ ಸತ್ತರೆ, ಕುಡಿಯದವರಲ್ಲಿ ನೂರಕ್ಕೆ ಅರವತ್ತಕ್ಕಿಂತ ಹೆಚ್ಚು ಮಂದಿ ಸತ್ತರೆಂದು ವರದಿಯಾಯಿತು. ಊರಿನ ಬಾವಿಗಳಿಗೆ ಫೇಜನ್ನು ಸುರಿದರೆ ರೋಗವು ಬೇಗನೆ ಅಡಗುವುದೆಂದೂ ದೆರೆಲನು ಹೇಳಿದನು. ಕೇಳಿದವರು ಬೆರಗಾಗುವಂತಹ ಅಂಕೆಗಳು ಇವು. ಆದರೆ ಕುಡಿಯದವರೆಂದರೆ ಯಾರು? ಔಷಧವನ್ನು ನಿರಾಕರಿಸಿದವರು, ವೈದ್ಯರು ತಲುಪುವ ಮೊದಲೇ ಕೈಮೀರಿದವರು. ಇಂತಹವರನ್ನು ಒಂದು ತಕ್ಕಡಿಗೂ ಮೊದಲೇ ಕೈಗೆ ಸಿಕ್ಕಿದವರನ್ನು ಇನ್ನೊಂದು ತಕ್ಕಡಿಗೂ ಹಾಕಿ ತೂಗುವುದು ನ್ಯಾಯವಾದ ತೂಕವಲ್ಲ.

ಅದನ್ನು ಬಲ್ಲವರು ಆಗಲೂ ಇದ್ದರು. ಆದುದರಿಂದಲೇ ೧೯೨೭ರಿಂದ ೧೯೩೬ರವರೆಗೆ ನಡೆದ, ಫೇಜ್ ವಿಚಾರಣೆಯೆಂದು ಹೆಸರಾದ ಕಾರ್ಯವು ವೈದ್ಯಚರಿತ್ರೆಯಲ್ಲಿ ಲಕ್ಷ್ಯಕ್ಕೆ ಅರ್ಹವಾದುದು. ಇದರ ಒಂದು ಕೇಂದ್ರ ಪಾಟ್ನಾ. ಅಲ್ಲಿ ಇಗೋರ್ ಅಶೇಶೋವ್ ಎಂಬ ರಷ್ಯದ ವಿಜ್ಞಾನಿಯು ಕಾಲರಾದ ಫೇಜ್ ಒಂದೇ ಅಲ್ಲ, ಅದರಲ್ಲಿ ಹಲವು ಬಗೆಗಳಿವೆ, ಒಂದಕ್ಕೆ ಬಗ್ಗದ ರೋಗಾಣು ಇನ್ನೊಂದಕ್ಕೆ ಬಗ್ಗುತ್ತದೆ ಎಂಬುದನ್ನು ತಾಳ್ಮೆಯಿಂದ ವಿಂಗಡಿಸಿದನು. ಇನ್ನೊಂದು ಕೇಂದ್ರ ಅಸ್ಸಾಮ್. ಮಳೆ, ಕಾಡು, ತೋಟಗಳ ಆ ಪ್ರಾಂತ ನಮ್ಮ ಮಲೆನಾಡನ್ನು ಬಲ್ಲವರಿಗೆ ಅಪರಿಚಿತವೆನಿಸದು. ಶಿಲ್ಲಾಂಗಿನ ಪಾಶ್ಚರ್ ಸಂಸ್ಥೆಯ ಮುಖ್ಯಾಧಿಕಾರಿಯಾಗಿದ್ದ ಮೋರಿಸನ್ ಎಂಬಾತನು ಅಲ್ಲಿ ಎರಡು ಸೀಮೆಗಳನ್ನು ಆರಿಸಿಕೊಂಡನು. ನೌಗಾಂವ್ ಎಂಬಲ್ಲಿ ಹಳ್ಳಿಯ ಮುಖ್ಯಸ್ಥರ ಕೈಗೆ ಫೇಜಿನ ಶೀಶೆಗಳನ್ನು ಕೊಟ್ಟು, ರೋಗ ತೋರಿದೊಡನೆ ಕುಡಿಸುವಂತೆ ಏರ್ಪಡಿಸಿದನು. ಹಬಿಗಂಜ್ ಎಂಬಲ್ಲಿ ಫೇಜ್ ಕೊಡದೆ ವಾಡಿಕೆಯ ಕ್ರಮಗಳನ್ನೇ ಮುಂದುವರಿಸಿದನು. ಎರಡರ ಮರಣಸಂಖ್ಯೆಗಳನ್ನು ವರ್ಷವರ್ಷವೂ ಹೋಲಿಸುವುದು ಉದ್ದೇಶ. ನೌಗಾಂವಿನಲ್ಲಿ ಕಾಲರಾ ಮರಣಗಳು ಬಹಳ ಇಳಿದುವು.

ಆದರೂ ಸಂದೇಹ ತೀರಲಿಲ್ಲ. ವಾಂತಿಭೇದಿಯು ಅಲೆಯಂತೆ ಬಂದು ಹೋಗುವ ರೋಗ. ಒಂದು ಸೀಮೆಯನ್ನು ನಾಲ್ಕಾರು ವರ್ಷ ತನ್ನಷ್ಟಕ್ಕೆ ತಾನೇ ಬಿಟ್ಟುಬಿಡುವುದೂ ಉಂಟು. ಮೇಲಾಗಿ, ಪಕ್ಕದ ಸೀಮೆಯವರಿಗೆ ಸಿಗುವ ಔಷಧವು ನಮಗೇಕಿಲ್ಲವೆಂದು ಜನರು ಕೇಳತೊಡಗಿದರೆ ಯಾವ ಅಧಿಕಾರಿ ತಾನೇ ಎಷ್ಟು ಕಾಲ ತಡೆದಾನು? ಹಬಿಗಂಜಿನ ಮನೆಯೊಂದರಲ್ಲಿ ಮಗುವಿಗೆ ವಾಂತಿಭೇದಿ ಕಂಡುಬಂದ ರಾತ್ರಿಯಲ್ಲಿ, ತನ್ನ ಊರು ಹೋಲಿಕೆಗಾಗಿ ಇಟ್ಟ ಊರೆಂಬುದು ತಾಯಿಗೆ ಸಮಾಧಾನವಾಗಲಾರದು. ಪರೀಕ್ಷೆಯ ಶುದ್ಧಿಗೂ ಕರುಣೆಗೂ ಇರುವ ಈ ತೊಡಕು ಇಂದಿಗೂ ಬಿಡಿಸಲಾಗದ್ದು. ಮೋರಿಸನ್ನನನ್ನು ದೂರುವುದಕ್ಕೆ ನನಗೆ ಮನಸ್ಸು ಬಾರದು. ೧೯೩೬ರ ವೇಳೆಗೆ ವಿಚಾರಣೆ ಮುಗಿಯಿತು. ಫೇಜ್ ಗೆದ್ದಿತೆಂದಾಗಲಿ ಸೋತಿತೆಂದಾಗಲಿ ನಿರ್ಣಯವಾಗಲಿಲ್ಲ.

ಮುಂದೆ ಢಾಕಾದಲ್ಲಿ ನಡೆದು ೧೯೭೦, ೧೯೭೧ರಲ್ಲಿ ಪ್ರಕಟವಾದ ಕಟ್ಟುನಿಟ್ಟಾದ ಪರೀಕ್ಷೆಗಳಲ್ಲಿ ಟೆಟ್ರಾಸೈಕ್ಲಿನ್ ಎಂಬ ಔಷಧದ ಮುಂದೆ ಕಾಲರಾ ಫೇಜ್ ಮಂಕಾಯಿತು. ಆ ರೋಗದಲ್ಲಿ ಕೊಲ್ಲುವುದು ರೋಗಾಣುವಿಗಿಂತ ಹೆಚ್ಚಾಗಿ ಮೈಯ ನೀರು ಹರಿದುಹೋಗುವುದು. ೧೯೭೧ರಲ್ಲಿ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ದಿಲೀಪ್ ಮಹಲನೊಬಿಸ್ ಅವರು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಕುಡಿಸಿಯೇ ಸಾವಿರಾರು ಜೀವಗಳನ್ನು ಉಳಿಸಿದರು. ಇನ್ನೂ ಸೋಜಿಗದ ಮಾತೊಂದುಂಟು: ಕಾಲರಾ ರೋಗಾಣುವಿಗೆ ಅದರ ವಿಷವನ್ನು ತಂದುಕೊಟ್ಟುದೇ ಅದರೊಳಗೆ ಸೇರಿಕೊಂಡ ಒಂದು ಫೇಜ್ ಎಂಬುದು ೧೯೯೬ರಲ್ಲಿ ಹೊರಬಿದ್ದಿತು. ಫೇಜ್‌ಗಳಲ್ಲಿ ಕೊಲ್ಲುವವು ಇರುವಂತೆ ಬಾಡಿಗೆಗೆ ಕುಳಿತು ಮನೆಯ ಯಜಮಾನನನ್ನೇ ಬಲಪಡಿಸುವವೂ ಇವೆ. ಚಿಕಿತ್ಸೆಗೆ ಮೊದಲನೆಯ ಬಗೆಯನ್ನು ಮಾತ್ರ ಆರಿಸಿಕೊಳ್ಳಬೇಕು.

ಅತ್ತ ಪಶ್ಚಿಮ ದೇಶಗಳಲ್ಲಿ ಫೇಜಿನ ಹೆಸರು ಕೆಟ್ಟುದಕ್ಕೆ ವ್ಯಾಪಾರವೇ ಮುಖ್ಯ ಕಾರಣ. ಯಾವ ಹುಣ್ಣಿಗೆ ಯಾವ ರೋಗಾಣು ಎಂಬುದನ್ನು ನೋಡದೆ ಎಲ್ಲಕ್ಕೂ ಒಂದೇ ಶೀಶೆಯನ್ನು ಮಾರಿದರು. ಶೀಶೆಯೊಳಗಿನದು ಕೆಡದಿರಲೆಂದು ಹಾಕಿದ ದ್ರವ್ಯಗಳೇ ಕೆಲವು ವೇಳೆ ಫೇಜನ್ನು ಕೊಲ್ಲುತ್ತಿದ್ದುವು. ೧೯೩೪ರಲ್ಲಿ ಈಟನ್, ಬೇನ್‌ಜೋನ್ಸ್ ಎಂಬಿಬ್ಬರು ಅಮೇರಿಕದ ವೈದ್ಯಪತ್ರಿಕೆಯಲ್ಲಿ ಬರೆದ ವಿಮರ್ಶೆಯು ಜನರ ಉತ್ಸಾಹವನ್ನು ತಣ್ಣಗಾಗಿಸಿತು. ಆ ಹೊತ್ತಿಗೆ ಪೆನಿಸಿಲಿನ್ ಬಂದಿತು. ೧೯೨೮ರಲ್ಲಿ ಫ್ಲೆಮಿಂಗ್ ಕಂಡ ಈ ಬೂಷ್ಟಿನ ರಸವು ೧೯೪೦ರ ದಶಕದಲ್ಲಿ ಔಷಧವಾಗಿ ಹೊರಬಂದು ಲೋಕವನ್ನೇ ಗೆದ್ದಿತು.

ಪೆನಿಸಿಲಿನ್ನಿಗೂ ಫೇಜಿಗೂ ಇರುವ ಭೇದವನ್ನು ನಮ್ಮ ತೋಟದವರಿಗೆ ಹೇಳುವುದು ಸುಲಭ. ಮೈಸೂರು ಸಂಸ್ಥಾನದ ಸಸ್ಯರೋಗತಜ್ಞನಾಗಿದ್ದ ಲೆಸ್ಲಿ ಕೋಲ್ಮನ್ನನು ೧೯೧೦ರಲ್ಲಿ ಅಡಕೆಯ ಕೊಳೆರೋಗವನ್ನು ಕುರಿತು ಬರೆದು, ಮೈಲುತುತ್ತ ಸುಣ್ಣಗಳ ಬೋರ್ಡೋ ದ್ರಾವಣವನ್ನು ಹೊಡೆಯುವ ಕ್ರಮವನ್ನು ಬಳಕೆಗೆ ತಂದನು. ಅದಕ್ಕೆ ಮುಂಚೆ ಮಳೆಗಾಲಕ್ಕೆ ಮೊದಲು ಒಂದೊಂದು ಮರವನ್ನೂ ಹತ್ತಿ, ಒಂದೊಂದು ಕೊನೆಗೂ ಅದರ ಗಾತ್ರಕ್ಕೆ ತಕ್ಕ ಕೊಟ್ಟೆ ಕಟ್ಟುತ್ತಿದ್ದರು. ದ್ರಾವಣವಾದರೆ ಒಂದು ಹಂಡೆಯಲ್ಲಿ ಕಲಸಿ ತೋಟಕ್ಕೆಲ್ಲ ಹೊಡೆಯಬಹುದು. ಪೆನಿಸಿಲಿನ್ ದ್ರಾವಣದಂತೆ, ಫೇಜ್ ಕೊಟ್ಟೆಯಂತೆ. ಕೂಲಿಯೂ ಕಾಲವೂ ಉಳಿಯುವ ದಾರಿಯನ್ನು ಲೋಕವು ಹಿಡಿದುದರಲ್ಲಿ ತಪ್ಪೇನಿದೆ? ೧೯೫೦ರ ದಶಕದಲ್ಲಿ ಪುಣೆಯ ಬಳಿಯ ಪಿಂಪ್ರಿಯಲ್ಲಿ ಸರ್ಕಾರವೇ ಪೆನಿಸಿಲಿನ್ ಕಾರ್ಖಾನೆಯನ್ನು ಹಾಕಿತು. ೧೯೮೧ರಲ್ಲಿ ಕರ್ನಾಟಕ ಆಂಟಿಬಯೋಟಿಕ್ಸ್ ಎಂಬ ಸಂಸ್ಥೆ ಬೆಂಗಳೂರಿನಲ್ಲಿ ಹುಟ್ಟಿತು. ಮಕ್ಕಳನ್ನು ಹೆತ್ತು ಬಾಣಂತಿಜ್ವರದಲ್ಲಿ ಸಾಯುತ್ತಿದ್ದ ತಾಯಂದಿರು, ನ್ಯುಮೋನಿಯಾದಿಂದ ಸಾಯುತ್ತಿದ್ದ ಕೂಸುಗಳು ಉಳಿದುದು ಈ ಔಷಧಗಳಿಂದ. ಅವುಗಳನ್ನು ಹಗುರವಾಗಿ ಆಡುವುದು ಕೃತಘ್ನತೆಯಾದೀತು.

ಆದರೆ ೧೯೪೫ರಲ್ಲಿ ನೊಬೆಲ್ ಬಹುಮಾನವನ್ನು ಸ್ವೀಕರಿಸುವಾಗಲೇ ಫ್ಲೆಮಿಂಗನು ಎಚ್ಚರಿಸಿದ್ದನು: ಸಾಲದಷ್ಟು ಪೆನಿಸಿಲಿನ್ನನ್ನು ಕೊಟ್ಟರೆ ರೋಗಾಣುಗಳು ಅದನ್ನು ಎದುರಿಸುವುದನ್ನು ಕಲಿತುಕೊಳ್ಳುವುವು. ಹಾಗೆಯೇ ಆಯಿತು. ನೆಗಡಿಗೂ ಮಂಗನ ಕಾಯಿಲೆಯಂತಹ ವೈರಸ್ ಜ್ವರಕ್ಕೂ ಏನೂ ಮಾಡಲಾರದ ಈ ಮಾತ್ರೆಗಳನ್ನು ಅಂಗಡಿಯಲ್ಲಿ ಕೇಳಿ ಪಡೆದು, ಎರಡು ದಿನ ನುಂಗಿ, ಮೈ ಹಗುರವಾದೊಡನೆ ಉಳಿದುದನ್ನು ಕಪಾಟಿನಲ್ಲಿಡುವ ಅಭ್ಯಾಸ ನಮ್ಮ ವಿದ್ಯಾವಂತ ಮನೆಗಳಲ್ಲಿಯೂ ಇದೆ. ನನ್ನ ಮನೆಯ ಕಪಾಟು ಇದಕ್ಕೆ ಹೊರತೆಂದು ಹೇಳಲಾರೆ. ಕೋಳಿ, ದನಗಳ ಮೇವಿನಲ್ಲಿಯೂ ಇವು ಸೇರಿದುವು. ೨೦೦೯ರಲ್ಲಿ, ಹೊಸ ದೆಹಲಿಯಲ್ಲಿ ಚಿಕಿತ್ಸೆ ಪಡೆದಿದ್ದ ರೋಗಿಯೊಬ್ಬನಲ್ಲಿ ಕಂಡ, ಪ್ರಬಲ ಔಷಧಗಳನ್ನೂ ಮುರಿಯುವ ಕಿಣ್ವವೊಂದಕ್ಕೆ ಆ ನಗರದ ಹೆಸರನ್ನೇ ಇಟ್ಟಾಗ ದೇಶದಲ್ಲಿ ದೊಡ್ಡ ಕೋಲಾಹಲವಾಯಿತು. ಹೆಸರಿನ ಅಪಮಾನವನ್ನು ಕುರಿತು ಆದಷ್ಟು ಚರ್ಚೆ ಕಿಣ್ವವನ್ನು ಕುರಿತು ಆಗಲಿಲ್ಲ. ೨೦೧೯ರಲ್ಲಿ ಔಷಧಕ್ಕೆ ಬಗ್ಗದ ರೋಗಾಣುಗಳಿಂದಲೇ ಲೋಕದಲ್ಲಿ ಸುಮಾರು ೧೨,೭೦,೦೦೦ ಮಂದಿ ಸತ್ತರೆಂದು ಅಂದಾಜು ಮಾಡಿರುವರು.

ಇಷ್ಟರಲ್ಲಿ ಫೇಜನ್ನು ಕೈಬಿಡದೆ ಉಳಿಸಿಕೊಂಡು ಬಂದ ಒಂದು ಊರಿತ್ತು. ಜಾರ್ಜಿಯಾದ ಟ್ಬಿಲಿಸಿಯಲ್ಲಿ ದೆರೆಲನ ಮಿತ್ರನಾದ ಗಿಯೋರ್ಗಿ ಎಲಿಯಾವಾ ೧೯೨೩ರಲ್ಲಿ ಸ್ಥಾಪಿಸಿದ ಸಂಸ್ಥೆ ಅದು. ಎಲಿಯಾವಾನನ್ನು ೧೯೩೭ರಲ್ಲಿ ಸ್ಟಾಲಿನ್ನನ ಆಡಳಿತವು ಕೊಲ್ಲಿಸಿತು. ಸಂಸ್ಥೆ ಮಾತ್ರ ಉಳಿಯಿತು. ೨೦೧೬ರಲ್ಲಿ ಅಮೇರಿಕದ ಟಾಮ್ ಪ್ಯಾಟರ್ಸನ್ ಎಂಬ ಪ್ರಾಧ್ಯಾಪಕನು ಯಾವ ಔಷಧಕ್ಕೂ ಬಗ್ಗದ ಸೋಂಕಿನಿಂದ ತಿಂಗಳುಗಟ್ಟಲೆ ಮೈಮರೆತು ಬಿದ್ದಿರಲು, ಅವನ ಹೆಂಡತಿಯೂ ಸಾಂಕ್ರಾಮಿಕ ರೋಗಗಳ ವಿದುಷಿಯೂ ಆದ ಸ್ಟೆಫನಿ ಸ್ಟ್ರಾತ್‌ಡೀ ಕಂಡಕಂಡ ಫೇಜ್ ಸಂಶೋಧಕರಿಗೆಲ್ಲ ಬರೆದು, ಮೋರಿಯ ನೀರಿನಿಂದಲೂ ಹಳೆಯ ಸಂಗ್ರಹಗಳಿಂದಲೂ ಗಂಡನ ರೋಗಾಣುವಿಗೆ ಒಗ್ಗುವ ಫೇಜ್‌ಗಳನ್ನು ಕೂಡಿಸಿದಳು. ಅವುಗಳನ್ನು ರಕ್ತನಾಳಕ್ಕೆ ಕೊಟ್ಟ ಮೇಲೆ ಅವನಿಗೆ ಎಚ್ಚರವಾಯಿತು. ಆ ಮೇಲೆ ಪಶ್ಚಿಮದವರು ಫೇಜಿನ ಹೆಸರನ್ನು ಮತ್ತೆ ಗೌರವದಿಂದ ಹೇಳತೊಡಗಿದರು.

ಬೆಂಗಳೂರು ಅದಕ್ಕಿಂತ ಮುಂಚೆಯೇ ಎಚ್ಚತ್ತಿತ್ತು. ೧೯೭೦ರಲ್ಲಿಯೇ ಅಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸುಂದರ ರಾಜ್ ಮತ್ತು ಟಿ. ರಾಮಕೃಷ್ಣನ್ ಅವರು ಕ್ಷಯದ ರೋಗಾಣುವಿನ ದಾಯಾದಿಯೊಂದನ್ನು ಹಿಡಿಯುವ ‘ಐ ೩’ ಎಂಬ ಫೇಜನ್ನು ಕುರಿತು ಬರೆದಿದ್ದರು. ಅದು ಚಿಕಿತ್ಸೆಗಾಗಿ ಅಲ್ಲ, ವಂಶವಾಹಿಗಳ ಅಭ್ಯಾಸಕ್ಕಾಗಿ. ಚಿಕಿತ್ಸೆಯ ಮಾತು ಬಂದುದು ೨೦೦೦ದಲ್ಲಿ. ಬೆಂಗಳೂರಿನ ಆಸ್ಟ್ರಾ ಸಂಶೋಧನ ಕೇಂದ್ರವನ್ನು ನಡೆಸಿ ಅನುಭವವಿದ್ದ ಜೀವರಸಾಯನ ಶಾಸ್ತ್ರಜ್ಞ ಜೆ. ರಾಮಚಂದ್ರನ್ ಅವರು ಆ ವರ್ಷ ಫೇಜ್‌ಗಳಿಂದ ಔಷಧ ಮಾಡುವ ಸಂಸ್ಥೆಯೊಂದನ್ನು ಹೂಡಿ ಅದಕ್ಕೆ ‘ಗಂಗಾಜೆನ್’ ಎಂದು ಹೆಸರಿಟ್ಟರು. ಆಗ್ರಾದ ಹ್ಯಾಂಕಿನ್ನನ ಗಂಗೆ ಒಂದು ಶತಮಾನದ ಮೇಲೆ ಕನ್ನಡನಾಡಿನ ರಾಜಧಾನಿಯಲ್ಲಿ ಹೀಗೆ ಹೆಸರಾಗಿ ಮೇಲೆದ್ದಿತು.

ಅವರು ಮೊದಲು ಇಡೀ ಫೇಜನ್ನೇ ಬಳಸುವ ದಾರಿಯಲ್ಲಿ ಹೊರಟರು. ಆದರೆ ಅಸ್ಸಾಮಿನ ಕಾಲದ ತೊಡಕೇ ಎದುರಾಗುತ್ತದೆ: ಒಂದು ಫೇಜ್ ಒಂದೇ ಬಗೆಯ ರೋಗಾಣುವಿಗೆ, ರೋಗಾಣುವೂ ಮೈಯ ಗುರುತನ್ನು ಬದಲಿಸಿ ತಪ್ಪಿಸಿಕೊಳ್ಳುತ್ತದೆ, ತಾನಾಗಿ ಹೆಚ್ಚುವ ವಸ್ತುವಿಗೆ ಇಷ್ಟೇ ಪ್ರಮಾಣವೆಂದು ಔಷಧದ ಅಳತೆಯನ್ನು ಗೊತ್ತುಮಾಡುವುದೂ ಕಷ್ಟ. ಆದುದರಿಂದ ಅವರು ಫೇಜನ್ನು ಬಿಟ್ಟು ಅದರ ಆಯುಧವನ್ನು ಮಾತ್ರ ತೆಗೆದುಕೊಂಡರು. ಹುಣ್ಣು, ಕೀವುಗಳಿಗೆ ಕಾರಣವಾದ ಸ್ಟ್ಯಾಫಿಲೋಕಾಕಸ್ ಎಂಬ ರೋಗಾಣುವನ್ನು ಹೊಗುವಾಗ ‘ಕೆ’ ಎಂಬ ಫೇಜಿನ ಬಾಲದ ತುದಿಯ ಸಸಾರಜನಕವೊಂದು ಗೋಡೆಯನ್ನು ಕೊರೆಯುತ್ತದೆ. ಆ ಕೊರೆಯುವ ಭಾಗಕ್ಕೆ ಗೋಡೆಯನ್ನು ಹಿಡಿದುಕೊಳ್ಳುವ ಬೇರೊಂದು ಭಾಗವನ್ನು ಬೆಸೆದು ‘ಪಿ ೧೨೮’ ಎಂಬ ಸಸಾರಜನಕವನ್ನು ನಿರ್ಮಿಸಿದರು. ಮೆಥಿಸಿಲಿನ್ ಔಷಧಕ್ಕೆ ಬಗ್ಗದ ಸ್ಟ್ಯಾಫಿಲೋಕಾಕಸ್ಸನ್ನೂ ಅದು ಪ್ರಯೋಗಶಾಲೆಯಲ್ಲಿ ಬೇಗನೆ ಒಡೆಯಿತು. ರೋಗಾಣುವನ್ನು ಮೂಗಿನಲ್ಲಿ ಹೊತ್ತು ತಿರುಗುವವರ ಮೇಲೆ ಸಿಂಗಪುರದಲ್ಲಿ ಅದರ ಪರೀಕ್ಷೆಯೂ ನಡೆಯಿತು. ಹೀಗೆ ಕೊಟ್ಟೆಯನ್ನು ಮತ್ತೆ ದ್ರಾವಣವನ್ನಾಗಿ ಮಾಡುವ ಯತ್ನ ಬೆಂಗಳೂರಿನಲ್ಲಿ ಆಯಿತು. ಇದು ಬುದ್ಧಿಶಾಲಿಯಾದ ಯತ್ನ. ಆದರೂ ತಾನೇ ಹೆಚ್ಚುವ ಗುಣವೆಂಬ ಫೇಜಿನ ದೊಡ್ಡ ಸೊತ್ತನ್ನು ಬಿಟ್ಟುಕೊಟ್ಟ ಮೇಲೆ ಉಳಿದುದು ಇನ್ನೊಂದು ಔಷಧವೇ ಸರಿ.

ಇಡೀ ಫೇಜನ್ನೇ ಹಿಡಿದವರು ಕಾಶಿಯಲ್ಲಿರುವರು. ಹಿಂದೂ ವಿಶ್ವವಿದ್ಯಾನಿಲಯದ ಗೋಪಾಲ ನಾಥ್ ಅವರೂ ಸಂಗಡಿಗರೂ, ವಾರಗಟ್ಟಲೆ ಚಿಕಿತ್ಸೆ ಮಾಡಿದರೂ ಮಾಯದ ಹುಣ್ಣುಗಳಿದ್ದ ೨೦ ಮಂದಿಗೆ ಫೇಜ್ ಹಚ್ಚಿದ ಫಲವನ್ನು ೨೦೧೯ರಲ್ಲಿ ಪ್ರಕಟಿಸಿದರು. ಅವರ ಕ್ರಮವು ಅಶೇಶೋವನ ಪಾಠವನ್ನು ಮರೆತಿಲ್ಲ. ಮೊದಲು ಹುಣ್ಣಿನ ರೋಗಾಣು ಯಾವುದೆಂದು ಬೆಳೆಸಿ ಗುರುತಿಸುವುದು. ಕೊಳಚೆನೀರು ಹೊಳೆನೀರುಗಳಿಂದ ಆರಿಸಿಟ್ಟ ಫೇಜ್‌ಗಳಲ್ಲಿ ಅದಕ್ಕೆ ಒಗ್ಗುವವುಗಳನ್ನು ಕೂಡಿಸುವುದು. ದಿನ ಬಿಟ್ಟು ದಿನ ಹುಣ್ಣಿನ ಮೇಲೆ ಹಚ್ಚುವುದು. ಕೆಲವು ಸಲ ಹಚ್ಚಿದ ಮೇಲೆ ಹುಣ್ಣುಗಳಲ್ಲಿ ರೋಗಾಣು ಇಲ್ಲವಾಗಿ ಮಾಯುವ ಲಕ್ಷಣ ಕಂಡಿತು. ಮೂರು ವಾರಗಳೊಳಗೆ ಕೆಲವರ ಹುಣ್ಣುಗಳು ಪೂರ್ತಿಯಾಗಿ ಮುಚ್ಚಿದುವು.

ಕೊಪ್ಪದಿಂದಲೋ ಶೃಂಗೇರಿಯಿಂದಲೋ ಮಣಿಪಾಲಕ್ಕೆ, ಶಿವಮೊಗ್ಗಕ್ಕೆ ಕಾಲಿನ ಹುಣ್ಣನ್ನು ತೋರಿಸಲು ಬಸ್ಸು ಹತ್ತುವವರಿಗೆ ಫೇಜ್ ಇನ್ನೂ ಔಷಧದಂಗಡಿಯಲ್ಲಿ ಕೇಳಿ ಪಡೆಯುವ ವಸ್ತುವಾಗಿಲ್ಲ. ಆದರೆ ಹುಣ್ಣಿನ ರೋಗಾಣುವನ್ನು ಬೆಳೆಸಿ ನೋಡುವ ಪರೀಕ್ಷೆ ಇಂದು ದೊರೆಯುತ್ತದೆ. ಮಾತ್ರೆಗೆ ಮುಂಚೆ ಅದನ್ನು ಮಾಡಿಸಿರೆಂದು ವೈದ್ಯರನ್ನು ಕೇಳುವುದಕ್ಕೆ ಸಂಕೋಚಪಡಬೇಕಾದುದಿಲ್ಲ. ಫೇಜ್ ಚಿಕಿತ್ಸೆ ನಾಳೆ ನಮ್ಮ ಕಡೆಗೆ ಬಂದರೂ ಅದರ ಮೊದಲನೆಯ ಮೆಟ್ಟಿಲು ಅದೇ. ಇನ್ನು ಕಾಶಿಯ ಆ ಇಪ್ಪತ್ತು ಮಂದಿಯ ವಿಷಯದಲ್ಲಿ ಒಂದು ಮಾತನ್ನು ಹೇಳದೆ ಬಿಡಲಾಗದು. ಫೇಜ್ ಹಚ್ಚದೆ ಹೋಲಿಕೆಗಾಗಿ ಇಟ್ಟ ಇನ್ನೊಂದು ಗುಂಪು ಆ ಅಧ್ಯಯನದಲ್ಲಿ ಇರಲಿಲ್ಲ; ಅಲ್ಲಿ ನೌಗಾಂವ್ ಇತ್ತು, ಹಬಿಗಂಜ್ ಇರಲಿಲ್ಲ.